ಕಟ್ಟಿಗಿ ರೈಲಿಗೆ ಪಲ್ಟಿ ಕಲಿಸಿದ್ದು

ಮೊನ್ನೆ ಇಳಕಲ್ಲ ಬಸ್ ಸ್ಟ್ಯಾಂಡಿನಾಗ ಇಬ್ಬರು ಹುಡುಗೂರು ಭೆಟ್ಟಿ ಆದ್ರು. ಡಿಪ್ಲೊಮಾ ಮುಗಿಸ್ಯಾರ, ಯಾವುದೋ ಪಾರ್ಕಿನಾಗ ರೋಲರ್ ಕೋಸ್ಟರ್ ನೋಡಿಕೊಳ್ಳೂ ಕೆಲಸ ಸಿಕ್ಕೈತಿ. "ಕಾಕಾ, ನೀವು ಇದ ಕೆಲಸದಾಗ ಇದ್ರಂತಲ್ರಿ, ಹೆಂಗಿರತೈತ್ರಿ?" ಅಂತ ಕೇಳಿದ್ರು. ನಾ ಕನ್ನಡಕ ಸರಿ ಮಾಡಿಕೊಂಡು, ಗಂಟಲಾ ಸರಿ ಮಾಡಿಕೊಂಡು ಸುರು ಮಾಡೂದ್ರಾಗ ಹುನಗುಂದದ ಬಸ್ಸು ಬಂತು, ಹತ್ತಿ ಹೋದ್ರು. ಹೇಳಬೇಕಾದ್ದು ಹೊಟ್ಟ್ಯಾಗ ಉಳೀತು. ಅದನ್ನ ಇಲ್ಲೆ ಬರದ ಇಡತೇನಿ. ಆ ಹುಡುಗೂರ ಕೈಗೆ ಸಿಕ್ರ ಓದಲಿ, ಸಿಗದಿದ್ರ ಅವರಂಥವರು ಬ್ಯಾರೆ ಯಾರಾದ್ರೂ ಓದಲಿ.

ಮೊದಲ ಹೇಳಿ ಬಿಡತೇನಿ, ತಮ್ಮಾ. ಈ ಕೆಲಸದಾಗ ಬಟನ್ ಒತ್ತೂದು ಕಡಿಮಿ, ನಡೆಯೂದು ಭಾಳ. ದಿನಾ ಮುಂಜಾನೆ ಗೇಟು ತೆರಿಯೂಕಿಂತ ಮೊದಲ, ಸೊಂಟಕ್ಕ ಬೆಲ್ಟು ಸಿಗಿಸಿಕೊಂಡು, ಕೈಯಾಗ ಸುತ್ತಿಗಿ ಹಿಡಕೊಂಡು ಹಳಿ ಬಾಜೂಕಿನ ಸಣ್ಣ ಹಲಗಿ ಮ್ಯಾಲ ಹಳಿ ಪೂರ್ತಿ ನಡೀಬೇಕು. ಏರು ಬಂದಲ್ಲೆ ಏರಬೇಕು, ಇಳುವು ಬಂದಲ್ಲೆ ಇಳೀಬೇಕು. ಬೋಲ್ಟಿಗೆ ಒಂದು ಏಟು ಹಾಕಿದ್ರ ಠಣ್ ಅಂದ್ರ ಬಿಗಿ ಐತಿ, ಥಪ್ ಅಂದ್ರ ಸಡ್ಲ ಆಗೈತಿ. ಮಂದಿ ಚೀರಾಕ ಅಂತ ಬರೂ ಜಾಗಾದಾಗ ನನ್ನ ಚಾಕರಿ ಅಂದ್ರ ಸುಮ್ನ ಕಿವಿಗೊಟ್ಟು ಕೇಳೂದು. ನಮ್ಮ ಮನಿಯಾಕಿ ಇದಕ್ಕ ಭಾಳ ನಗತಿದ್ಲು, ಯಾಕಂದ್ರ ಮನ್ಯಾಗ ನನಗ ಏನು ಹೇಳಿದ್ರೂ ಕೇಳಸತಿದ್ದಿಲ್ಲ.

ನಮ್ಮ ಪಾರ್ಕು ಹುನಗುಂದ ಇಳಕಲ್ಲ ನಡುವ, ರಸ್ತಾದ ಬಾಜೂಕ. ಕಟ್ಟಿಸಿದವರು ಇಳಕಲ್ಲ ಕಡೆ ಕಲ್ಲಿನ ಖಣಿ ಇಟ್ಟ ಸಾವಕಾರ್ರು. ಕೆಂಪ ಕಲ್ಲು ಮಾರಾಕ ಹೊರದೇಶಕ್ಕ ಹೋದಾಗ ಅಲ್ಲೆ ಕಟ್ಟಿಗಿಲೇ ಕಟ್ಟಿದ ರೋಲರ್ ಕೋಸ್ಟರ್ ನೋಡಿ ಹುಚ್ಚ ಹಿಡಿಸಿಕೊಂಡ ಬಂದ್ರು. "ಉಕ್ಕಿಂದು ಎಲ್ಲಾ ಊರಾಗ ಅದಾವ. ನನಗ ಕಟ್ಟಿಗಿದ ಬೇಕು" ಅಂದ್ರು. ಬಯಲಾಗ ಕಂಬದ ಮ್ಯಾಲ ಕಂಬ ನಿಂತು, ಅಡ್ಡ ಪಟ್ಟಿ ಬಿದ್ದು, ದೂರಿಂದ ನೋಡಿದ್ರ ಯಾರೋ ಮನಿ ಕಟ್ಟಾಕ ಸುರು ಮಾಡಿ ನಿಂದ್ರಸೂದ ಮರತಂಗ ಕಾಣತಿತ್ತು. ಹಳ್ಳಿ ಮಂದಿ ಅದಕ್ಕ ಕಟ್ಟಿಗಿ ರೈಲು ಅಂತ ಹೆಸರಿಟ್ರು. ಬೋರ್ಡಿನ ಮ್ಯಾಲ ಏನೋ ದೊಡ್ಡ ಹೆಸರಿತ್ತು, ಅದನ್ನ ಯಾರೂ ಬಾಯಾಗ ತರಲಿಲ್ಲ.

ಕಂಬ ನಿಲ್ಲಿಸಿದವ ಮೌನೇಶ ಬಡಿಗೇರ. ಕಲಾದಗಿ ಕಡೆಯವ, ನನ್ನ ವಾರಿಗಿಯವ, ಸಿಟ್ಟಿನ ಮನಶ್ಯಾ. ಹೊರಗಿಂದ ಬಂದ ನಕಾಶಿ ಹಿಡಕೊಂಡು ಅವನೂ ಅವನ ಮಂದೀನೂ ಬಿಸಿಲಾಗ ಸುಟ್ಟುಕೋತ ಅದನ್ನ ಎಬ್ಬಿಸಿದ್ರು. ಹಲಗಿ ಮ್ಯಾಲ ಹಲಗಿ ಇಟ್ಟು ಬಿಗದು ಹಳಿ ಮಾಡಿ, ಗಾಲಿ ಓಡಾಕ ಮ್ಯಾಲ ತೆಳ್ಳಗ ಒಂದು ಉಕ್ಕಿನ ಪಟ್ಟಿ ಹೊಡೀತಿದ್ರು. ಅಷ್ಟ ಉಕ್ಕು, ಉಳದದ್ದೆಲ್ಲಾ ಕಟ್ಟಿಗಿ. ಮೌನೇಶ ಒಂದೊಂದು ಕಂಬಕ್ಕೂ ಕೈ ಆಡಿಸಿ ಮಾತಾಡತಿದ್ದ. ಮದವಿ ಮಾಡಿ ಕೊಟ್ಟ ಮಗಳ ಬಗ್ಗೆ ಮಾತಾಡಿದಂಗ ಆ ಕಂಬಗೋಳ ಬಗ್ಗೆ ಮಾತಾಡತಿದ್ದ.

ಕಟ್ಟಿಗಿ ಅನ್ನೂದು ಕಡದ ಮ್ಯಾಲೂ ಸುಮ್ನ ಇರೂದಿಲ್ಲ. ನಮ್ಮ ಬಿಸಿಲಿಗೆ ಒಣಗಿ ಸಣ್ಣ ಆಗತೈತಿ, ಮಳಿಗೆ ಉಬ್ಬತೈತಿ. ಯುಗಾದಿ ಮುಂದ ಬಿಗಿ ಮಾಡಿದ ಬೋಲ್ಟು ಕಾರಹುಣ್ಣಿವಿಗೆ ಮತ್ತ ಸಡ್ಲ. ಹಿಂಗಿದ್ದ ಕಾಲದಾಗ ನಮಗ ಒಬ್ಬರು ಮ್ಯಾನೇಜರ್ ಬಂದಿದ್ರು. ಅವರಿಗೆ ಬಣ್ಣದ ಹುಚ್ಚು. ಕಂಬಕ್ಕ ಬಣ್ಣ, ಹಳಿಗೆ ಬಣ್ಣ, ಕಡೀಕ ಬೋಲ್ಟಿನ ತಲಿಗೂ ಬಣ್ಣ ಬಳಿಸಿದ್ರು. ಬೋಲ್ಟು ತಿರಗೈತೋ ಇಲ್ಲೋ ಅಂತ ನೋಡಾಕ ನಾವು ಹಾಕಿದ್ದ ಗುರುತೆಲ್ಲಾ ಬಣ್ಣದಾಗ ಮುಳುಗಿ ಹೋತು. ನಾವು ಆಮ್ಯಾಲ ಕೆರಕೋತ ಕುಂತ್ವಿ. ಪಾಪ, ಮನಶ್ಯಾ ಕೆಟ್ಟವರಲ್ಲ. ಆದ್ರ ನಿಮಗೂ ಹಿಂತಾ ಒಬ್ಬ ಸಾಹೇಬ ಸಿಗತಾನ, ಈಗ ಹೇಳಿ ಇಡತೇನಿ. ಅವನ ಜೋಡಿ ಜಗಳಾ ಮಾಡಬ್ಯಾಡ್ರಿ. ಕೆರಿಯೂ ಚಾಕು ಕಿಸೇದಾಗ ಇಟ್ಟುಕೊಳ್ರಿ.

ಒಂದಷ್ಟು ವರ್ಷ ಮಂದಿ ಭಾಳ ಬಂದ್ರು. ಆಮ್ಯಾಲ ಕಡಿಮಿ ಆದ್ರು. ಎಲ್ಲಾರ ಕೈಯಾಗ ಫೋನು ಬಂದು, ತಲಿಕೆಳಗಾಗಿ ತಿರಗೂ ರೈಡು ನೋಡಿದ್ರು. ಬಾಗಲಕೋಟಿ ಕಾಲೇಜಿನ ಹುಡುಗೂರು ನಮ್ಮ ಗಾಡಿಯಿಂದ ಇಳದು, "ಇಷ್ಟನ್ರಿ? ಉಲ್ಟಾ ಹೋಗೂದಿಲ್ಲೇನ್ರಿ?" ಅಂತ ಕೇಳೋರು. ಮೌನೇಶ ಅವರನ್ನ ತಿನ್ನೂವಂಗ ನೋಡತಿದ್ದ. ಸಾವಕಾರ್ರು ಅವರ ಮಾತು ಕೇಳಿದ್ರು. ಒಂದಿನ ನಮ್ಮನ್ನೆಲ್ಲಾ ಕರದು ನೆಟ್ಟಗ ಹೇಳಿದ್ರು: ಕಟ್ಟಿಗಿ ರೈಲು ಪಲ್ಟಿ ಹೊಡದ್ರ ಉಳೀತೈತಿ. ಇಲ್ಲಂದ್ರ ಬಿಚ್ಚಿ, ಕಟ್ಟಿಗಿ ಅಡ್ಡೆದವರಿಗೆ ಮಾರಿ, ಆ ಜಾಗಾದಾಗ ಉಕ್ಕಿಂದು ತಯಾರ ರೈಡು ತಂದು ಕುಂದ್ರಸೂದು. ಮೌನೇಶನ ಮಾರಿ ಅವತ್ತ ನೋಡಬೇಕಿತ್ತು.

ಪಲ್ಟಿ ಹೊಡಸಾಕ ಅಂತ ಬಂದವರು ವಿಜಯಾ ಮೇಡಂ. ಬದಾಮಿಯವರು. ಮುಂಬೈ, ಪುಣೆ ಅಂತ ರೈಡು ಕಟ್ಟೂ ಕಂಪನಿಯೊಳಗ ಇದ್ದು ಬಂದಿದ್ರು. ಬದಾಮಿ ಮಂಗ್ಯಾಗೋಳ ನಡುವ ಕೈಯಾಗಿನ ಬಾಳಿಹಣ್ಣು ಉಳಿಸಿಕೊಂಡು ಬೆಳದ ಹೆಣ್ಮಗಳು, ಸಾವಕಾರ್ರಿಗೆ ಏನು ಅಂಜತಾರ? ಬಂದ ದಿನಾನ ಸೀರಿ ಮ್ಯಾಲ ಬೆಲ್ಟು ಬಿಗದು, ಬೂಟು ಹಾಕ್ಕೊಂಡು, ನನ್ನ ಜೋಡಿ ಹಳಿ ಪೂರ್ತಿ ನಡದ್ರು. ಕೆಳಗ ಇಳದ ಮ್ಯಾಲ, "ಶೇಖಪ್ಪಾರ, ಚಲೋ ಇಟ್ಟೀರಿ" ಅಂದ್ರು. ಅಷ್ಟು ವರ್ಷದಾಗ ಹಂಗ ಅಂದವರು ಅವರೊಬ್ಬರ. ನನಗ ಭಾಳ ಖುಷಿ ಆತು, ಈಗ ಬರಿಯೂ ಮುಂದೂ ಆಗತೈತಿ.

ಅವರದೊಂದು ಪದ್ಧತಿ ಇತ್ತು, ನೀವು ಕಲೀರಿ. ಪ್ರತಿ ಸೋಮವಾರ ಮುಂಜಾನೆ ಚಹಾ ಕುಡಿಯೂ ಮುಂದ ಎಲ್ಲಾರೂ ಒಂದೊಂದು ಅಂಜಿಕಿ ಹೇಳಬೇಕು. ಕಸಾ ಹೊಡಿಯೂ ಲಕ್ಷ್ಮವ್ವನಿಂದ ಹಿಡದು ವೆಲ್ಡರ್ ತನಕ. ನನಗ ಅಂಜಿಕಿ ಇಲ್ಲ ಅಂದ್ರ ಚಹಾ ಇಲ್ಲ. ಯಾರೂ ನಗಬಾರದು. ಮೊದಲ ಮೊದಲ ನಮಗ ನಾಚಿಕಿ. ಗಂಡಸೂರು ಕುಂತು ನನಗ ಅದರದು ಅಂಜಿಕಿ, ಇದರದು ಅಂಜಿಕಿ ಅಂತ ಹೆಂಗ ಹೇಳೂದು? ಆಮ್ಯಾಲ ಬಾಯಿ ಬಿಡಾಕ ಹತ್ತಿದ್ವಿ. ಬಿಸಿಲಿಗೆ ಹಲಗಿ ಸೀಳೀತು ಅಂತ ಒಬ್ಬ, ಬೋಲ್ಟು ಸಡ್ಲಾದೀತು ಅಂತ ಒಬ್ಬ, ಗ್ರೀಸು ಕರಗಿ ಇಳದೀತು ಅಂತ ಒಬ್ಬ. ಲಕ್ಷ್ಮವ್ವ, "ತಲಿಕೆಳಗಾದಾಗ ಮಂದಿ ಕಿಸೇದಾಗಿಂದು ನನ್ನ ತಲಿ ಮ್ಯಾಲ ಬೀಳತೈತ್ರಿ" ಅಂದ್ಲು. ಮೇಡಂ ಅವತ್ತ ನಕಾಶಿಯೊಳಗ ಪಲ್ಟಿ ಕೆಳಗ ಹಗ್ಗದ ಬಲಿ ಸೇರಿಸಿದ್ರು. ಸುರು ಆದ ಮ್ಯಾಲ ಆ ಬಲ್ಯಾಗ ಎಷ್ಟು ಫೋನು ಬಿದ್ವಂತೀರಿ.

ಈಗ ಪಲ್ಟಿ ಯಾಕ ಕಷ್ಟ ಅಂತ ಹೇಳತೇನಿ. ಒಂದಿನ ಊಟದ ಹೊತ್ತಿನಾಗ ಮೌನೇಶ ಕೇಳಿದ: "ಮೇಡಂ, ಹಲಗೀನ ತಿರುವಿ ಹಳಿ ಮಾಡಾಕ ಬರೂದಿಲ್ಲೇನ್ರಿ? ಉಕ್ಕು ಯಾಕ ಬೇಕು?" ಅವರು ಅವನ ಬುತ್ತಿಯೊಳಗಿನ ಕಡಕ ರೊಟ್ಟಿ ತಗೊಂಡು ತಿರುವಿದ್ರು. ಪಟ್ ಅಂತ ಮುರೀತು. ಮೆತ್ತನ್ನ ರೊಟ್ಟಿ ತಗೊಂಡು ತಿರುವಿದ್ರು, ಸುರಳಿ ಆತು. "ಒಣಗಿದ ಹಲಗಿ ಒಂದೀಟು ಬಾಗತೈತ್ರಿ, ತಲಿಕೆಳಗಾಗೂ ಅಷ್ಟು ತಿರಗೂದಿಲ್ಲ. ಕಂಬ ನಿಮ್ಮದ ಇರತಾವು. ತಿರಗೂ ಜಾಗಾದಾಗ ಅಷ್ಟ, ಕಂಬದ ಮ್ಯಾಲ ಉಕ್ಕಿನ ಹಳಿ ಕುಂದ್ರಸೂಣು" ಅಂದ್ರು. ಇನ್ನೊಂದು ಹೇಳಿದ್ರು, ಅದನ್ನ ನಾ ಮರತಿಲ್ಲ. ಹಳಿ ಮಂದಿ ಎದಿ ಸುತ್ತ ತಿರಗಬೇಕು, ಮಂದಿ ಹಳಿ ಸುತ್ತ ತಿರಗಬಾರದು. ಹಂಗ ಮಾಡಿದ್ರ ಕುಂತವರಿಗೆ ಕುತಗಿ ಹಿಡಿಯೂದಿಲ್ಲ, ಹೊಟ್ಟಿ ತೊಳಸೂದಿಲ್ಲ, ಕುಂತಲ್ಲೆ ಜಗತ್ತು ತಿರಗಿದಂಗ ಅನಸತೈತಿ.

ಮೌನೇಶ ಮೆತ್ತನ್ನ ರೊಟ್ಟಿ ತಿಂದ, ಆದ್ರ ಒಪ್ಪಲಿಲ್ಲ. "ಮ್ಯಾಲ ಉಕ್ಕು ಬಂದ ಮ್ಯಾಲ ಕಟ್ಟಿಗಿ ರೈಲು ಅಂತ ಯಾರು ಅಂತಾರ್ರಿ?" ಅಂದ.

"ಎತ್ತಿನ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಾ ಹೊಡೀತೀರಿಲ್ಲೋ?" ಮೇಡಂ ಕೇಳಿದ್ರು. "ಹೊಡದ ಮ್ಯಾಲ ಅದು ಕಬ್ಬಿಣದ ಬಂಡಿ ಆಗತೈತೇನ್ರಿ, ಬಡಿಗೇರ?"

ಮೌನೇಶನ ಅಪ್ಪ, ಮುತ್ಯಾ ಎಲ್ಲಾ ಬಂಡಿ ಗಾಲಿ ಮಾಡಿದವರು. ಅವ, "ಆಗೂದಿಲ್ರಿ" ಅಂದ. ಮರದಿನಾನ ಹಳೇ ಹಲಗಿ ಬಿಚ್ಚಾಕ ಸುರು ಮಾಡಿದ.

ಎಲ್ಲಾಕಿಂತ ಕಠಿಣ ಅಂದ್ರ ಕಟ್ಟಿಗಿ ಹಳಿ ಮುಗದು ಉಕ್ಕಿನ ಹಳಿ ಸುರು ಆಗೂ ಜಾಗಾ. ಬಿಸಿಲಿಗೆ ಉಕ್ಕು ಬೆಳೀತೈತಿ, ಕಟ್ಟಿಗಿ ಕುಗ್ಗತೈತಿ. ಎರಡನ್ನೂ ಬಿಗದ ಕಟ್ಟಿದ್ರ ಒಂದನ್ನೊಂದು ಹರೀತಾವು. ನಾ ಇಳಕಲ್ಲ ನೇಕಾರರ ಮನಿ ಮಗ. ನಮ್ಮ ಸೀರಿಯೊಳಗ ಮೈ ಹತ್ತೀದು, ಸೆರಗು ರೇಷ್ಮೀದು. ಎರಡು ಬ್ಯಾರೆ ಜಾತಿ ಎಳಿಗೋಳು. ಎಳಿಗೆ ಎಳಿ ಕುಣಿಕಿ ಹಾಕಿ ಅವನ್ನ ಕೂಡಸತಾರ, ಅದಕ್ಕ ಕೊಂಡಿ ಅಂತಾರ. ಮೇಡಂ ಮಾಡಿಸಿದ ಜೋಡಣಿ ನೋಡಿ ನಾ, "ಇದು ನಮ್ಮ ಕೊಂಡಿನ ಅಲ್ಲೇನ್ರಿ?" ಅಂದೆ. ಉಕ್ಕಿನ ನಾಲಿಗಿ ಕಟ್ಟಿಗಿ ಹಳಿ ಮ್ಯಾಲ ಮಲಗಿ, ಬಿಸಿಲು ಏರಿ ಇಳದಂಗ ಹಿಂದ ಮುಂದ ಸರಿಯಾಕ ಜಾಗಾ ಬಿಟ್ಟಿದ್ರು. ಅವರಿಗೆ ಹೆಸರು ಹಿಡಿಸ್ತು. ಅವತ್ತಿನಿಂದ ನಕಾಶಿಯೊಳಗೂ ಅದು ಕೊಂಡಿ ಅಂತ ಆತು. ಗಾಡಿ ಅದರ ಮ್ಯಾಲ ಹಾದ್ರ ಕುಂತವರಿಗೆ ಗೊತ್ತಾಗತಿದ್ದಿಲ್ಲ, ಅಷ್ಟು ಚೊಕ್ಕ ಕೆಲಸ.

ಪಲ್ಟಿ ತಯಾರ ಆಗಿದ್ದು ಖಡಕ ಬ್ಯಾಸಿಗ್ಯಾಗ. ಮಂದಿ ಕುಂದ್ರೂಕಿಂತ ಮೊದಲ ಮಂದಿ ತೂಕದ ಸಾಮಾನು ಇಟ್ಟು ಓಡಸಬೇಕು. ಉಸುಕಿನ ಚೀಲ ಅಂದ್ರು ಮೇಡಂ. ಮೌನೇಶ, "ಉಸುಕು ಸೋರಿ ಗಾಲ್ಯಾಗ ಹೊಕ್ರ ಗಾಲಿ ಕೆಡತಾವ್ರಿ. ಹುನಗುಂದ ಪ್ಯಾಟ್ಯಾಗ ನಮ್ಮ ಮಾವಂದು ಅಡತಿ ಅಂಗಡಿ ಐತಿ, ಜ್ವಾಳದ ಚೀಲ ತರೂಣು. ಜ್ವಾಳ ಬಿದ್ರ ಏನಾಗತೈತಿ?" ಅಂದ. ನಮಗೆಲ್ಲಾ ಭಾಳ ಶಾಣ್ಯಾ ಮಾತು ಅನ್ನಿಸ್ತು. ಮೇಡಮ್ಮಾರಿಗೂ ಅನ್ನಿಸ್ತು, ಯಾಕಂದ್ರ ಅವರೂ ಇದ ಜಿಲ್ಲಾದವರು. ಚೀಲಗೋಳ್ನ ಸೀಟಿನ್ಯಾಗ ಕುಂದ್ರಸಿ, ಹೊಟ್ಟಿ ಮ್ಯಾಲ ಬೀಳದಂಗ ಹಿಡಿಯೂ ಕಬ್ಬಿಣದ ಸಳಿ ಹಾಕಿದ್ವಿ. ನೋಡಾಕ ಸಾವಕಾರ್ರು ಬೀಗರನ್ನ ಕರಕೊಂಡು ಬಂದು ಪಲ್ಟಿ ಕೆಳಗ ಕುರ್ಚಿ ಹಾಕಿಸಿಕೊಂಡು ಕುಂತ್ರು.

ಗಾಡಿ ಚಲೋ ಹೋತು, ಚಲೋ ತಿರಗ್ತು. ತಲಿಕೆಳಗಾದಾಗ ಎರಡು ಚೀಲದ ಹೊಲಿಗಿ ಬಿಚ್ಚಿ, ಜ್ವಾಳ ಧೋ ಅಂತ ಬಿತ್ತು. ಸಾವಕಾರ್ರ ರುಮಾಲಿನ್ಯಾಗ ಜ್ವಾಳ, ಬೀಗರ ಚಹಾದಾಗ ಜ್ವಾಳ. ಬೀಗರು ಮೆಲ್ಲಗ, "ರಾಶಿ ಚಲೋ ಬಂದೈತ್ರಿ ಈ ವರ್ಷ" ಅಂದ್ರು. ಅಷ್ಟಕ್ಕ ಮುಗೀಲಿಲ್ಲ. ಸುತ್ತಲಿನ ಪಾರಿವಾಳ, ಗುಬ್ಬಿ ಎಲ್ಲಾ ನಮ್ಮ ಹಳಿ ಮ್ಯಾಲ ಊಟಕ್ಕ ಬಂದ್ವು. ಹಕ್ಕಿ ಓಡಸೂದ ಒಂದು ಕೆಲಸ ಆತು. ಮುಂಗಾರಿ ಮಳಿ ಬಿದ್ದ ಮ್ಯಾಲ ಹಲಗಿ ಸಂದ್ಯಾಗ ಜ್ವಾಳ ಮೊಳಕಿ ಒಡೀತು, ನಾ ಮುಂಜಾನೆ ಸುತ್ತಿಗಿ ಬಿಟ್ಟು ಕಳೇ ತಗೀತಿದ್ದೆ. ಮೇಡಂ ಅದನ್ನ ನೋಡಿ ಬಿದ್ದು ಬಿದ್ದು ನಕ್ರು. ಜ್ವಾಳ ಬಿದ್ದ ವಾರಾನ ಅವರು ಚೀಲದ ಬದಲಿ ನೀರು ತುಂಬೂ ಪ್ಲಾಸ್ಟಿಕ್ ಗೊಂಬಿ ತರಿಸಿ ಬಿಟ್ಟಿದ್ರು.

ಆ ಬ್ಯಾಸಿಗ್ಯಾಗ ತುಂಬಿದ ಗಾಡಿ ಎಷ್ಟು ಸಲ ಓಡಿಸಿದ್ರೂ ಪಲ್ಟಿ ಸುಸೂತ್ರ. ಪರವಾನಿಗಿ ಕಾಗದ ಅಲ್ಲೆ ಇಲ್ಲೆ ತಿರಗಿ ಬರೂದ್ರಾಗ ಮಳಿಗಾಲ ಹೋತು, ದಸರಾ ಹೋತು, ಥಂಡಿ ಬಂತು. ಸಾವಕಾರ್ರು ಸಂಕ್ರಮಣಕ್ಕ ಸುರು ಮಾಡೂದು ಅಂತ ಆಮಂತ್ರಣ ಹಂಚಿ ಬಿಟ್ರು. ದೊಡ್ಡ ದೊಡ್ಡ ಮಂದಿ ಮಧ್ಯಾಹ್ನ ಬರೂವರಿದ್ರು.

ಸಂಕ್ರಮಣದ ಮುಂಜಾನೆ ಮೇಡಂ, ಮೌನೇಶ, ನಾನು, ಮೂರ ಮಂದಿ ಹಳಿ ನೋಡಾಕ ಬಂದಿದ್ವಿ. ಅವತ್ತ ಥಂಡಿ ಭಾಳ ಇತ್ತು, ಎದರಗಾಳಿನೂ ಇತ್ತು. ಮೇಡಂ ಶಾಲು ಹೊದ್ದುಕೊಂಡು, "ಒಂದ್ಸಲ ಖಾಲಿ ಗಾಡಿ ಬಿಡ್ರಿ" ಅಂದ್ರು. ಬಿಟ್ಟೆ. ಚೈನು ಎಳಕೊಂಡು ನೆತ್ತಿಗೆ ಹೋತು, ದೊಡ್ಡ ಇಳುವು ಇಳೀತು, ಪಲ್ಟಿ ಇರೂ ದಿಬ್ಬ ಏರಾಕ ಹತ್ತಿತು. ಏರಿಕೋತ ಏರಿಕೋತ ದಮ್ಮ ಹತ್ತಿದಂಗ ಆಗಿ, ಮಗ್ಗಲಾಗಿ, ತಲಿಕೆಳಗಾಗಿ ಅಲ್ಲೆ ನಿಂತ ಬಿಟ್ಟಿತು. ಖಾಲಿ ಸೀಟು ನೆಲಾ ನೋಡಕೋತ ಜೋತ ಬಿದ್ದಿದ್ವು.

ಮೇಡಂ ತಲಿ ಎತ್ತಿ ನೋಡಿಕೋತ ಹೇಳಿದ್ರು: "ನಾವೆಲ್ಲಾ ಬಿಸಿಲಿಗೆ ಅಂಜಿಕೋತ ಕುಂತ್ವಿ. ತಂಪಿಗೆ ಅಂಜಬೇಕಂತ ನನಗೂ ಹೊಳೀಲಿಲ್ಲ ನೋಡ್ರಿ."

ಖರೆ ಮಾತು. ಅಷ್ಟು ಸೋಮವಾರ, ಅಷ್ಟು ಅಂಜಿಕಿ, ಒಬ್ಬರೂ ಥಂಡಿ ಅಂದಿರಲಿಲ್ಲ. ಬಾಗಲಕೋಟಿ ಜಿಲ್ಲಾದಾಗ ಹುಟ್ಟಿದವಗ ಥಂಡಿ ಅಂದ್ರ ಹಬ್ಬ ಇದ್ದಂಗ, ಅದು ಕೇಡು ಮಾಡೀತು ಅಂತ ಯಾರ ತಲಿಗೂ ಬರೂದಿಲ್ಲ. ಥಂಡ್ಯಾಗ ಗ್ರೀಸು ಗಟ್ಟಿ ಆಗತೈತಿ, ಗಾಲಿ ರಬ್ಬರು ಬಿರುಸು ಆಗಿ ತಡೀತೈತಿ. ಅದರ ಮ್ಯಾಲ ಖಾಲಿ ಗಾಡಿ ಹಗೂರ, ಎದರಗಾಳಿ ದಾಟೂ ಶಕ್ತಿ ಇಲ್ಲ. ತುಂಬಿದ ಗಾಡೀನ ಸುಡು ಸುಡು ಬಿಸಿಲಾಗ ಓಡಿಸಿ ನಾವು ಹಿಗ್ಗಿದ್ವಿ.

ಮೌನೇಶ ಮೆಲ್ಲಗ ಹತ್ರ ಬಂದ. "ಮೇಡಂ, ಯಾರೂ ನೋಡಿಲ್ರಿ. ಚೈನ್ ಬ್ಲಾಕ್ ಹಚ್ಚಿ ಈಗ ಇಳಸೂಣು. ಮಂದಿ ಬರೂದು ಮಧ್ಯಾಹ್ನ. ಬಿಸಿಲು ಬಿದ್ರ ಓಡತೈತಿ."

"ಮಧ್ಯಾಹ್ನ ಓಡತೈತ್ರಿ, ನನಗೂ ಗೊತ್ತೈತಿ."

"ಮತ್ತ?"

"ಮುಂದಿನ ವರ್ಷ, ಅದರ ಮುಂದಿನ ವರ್ಷ, ಹಿಂತಾದ ಒಂದು ಮುಂಜಾನೆ ಸಾಲಿ ಹುಡುಗೂರ ಟ್ರಿಪ್ಪು ಬರತೈತಿ. ಹುಡುಗೂರು ಹಗೂರ ಇರತಾರ. ಅವತ್ತ ನಾನೂ ಇರೂದಿಲ್ಲ, ನೀವೂ ಇರೂದಿಲ್ಲ. ಯಾರೋ ಬಟನ್ ಒತ್ತತಾರ."

ಮೌನೇಶ ಬಾಜೂಕಿನ ಕಂಬಕ್ಕ ಕೈ ಹಚ್ಚಿದ. "ಸಾವಕಾರ್ರಿಗೆ ಹೇಳಿದ್ರ ಅವರು ಕಟ್ಟಿಗಿ ಮಾರತಾರ್ರಿ. ಒಂದೊಂದು ಕಂಬ ನನ್ನ ಕೈಲೇ ನಿಂತದ್ದು. ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತ್ರಿ."

"ಗೊತ್ತಿದ್ದೂ ಹೇಳತೀರಿ?"

"ಹೇಳತೇನಿ."

ಅವ ಹೆಗಲ ಮ್ಯಾಲಿನ ಟವೆಲ್ ಝಾಡಿಸಿ ಹೊಂಟ ಹೋದ. ನಾ ಇಬ್ಬರ ನಡುವ ಕಂಬದಂಗ ನಿಂತಿದ್ದೆ. ಅವನ ಸಂಕಟ ನನಗ ತಿಳೀತಿತ್ತು, ಅವರ ಮಾತೂ ತಿಳೀತಿತ್ತು.

ಸಾವಕಾರ್ರ ಮನಿಗೆ ಮೇಡಮ್ಮಾರ ಜೋಡಿ ನಾ ಹೋದೆ. ಮನಿ ತುಂಬ ಬೀಗರು, ಎಳ್ಳು ಬೆಲ್ಲ, ಮಾದಲಿ ವಾಸನಿ. ಸಾವಕಾರ್ರು ಹೊಸಾ ಧೋತ್ರ ಉಟ್ಟು ತಯಾರ ಆಗಿದ್ರು. ಮೇಡಂ ಕುಂದ್ರಲಿಲ್ಲ. "ಇವತ್ತ ಸುರು ಮಾಡಾಕ ಬರೂದಿಲ್ರಿ. ಗಾಡಿ ತಲಿಕೆಳಗಾಗಿ ನಿಂತೈತಿ. ಮಂದಿ ಇದ್ದಿದ್ರ ಜೋತಾಡತಿದ್ರು. ತಪ್ಪು ನಂದು" ಅಂದ್ರು.

ಸಾವಕಾರ್ರು ಬಾಗಲಾ ಮುಚ್ಚಿದ್ರು. "ಯಾರು ನೋಡ್ಯಾರ?"

"ನಾವು ಮೂರ ಮಂದಿ."

"ಮೂರ ಮಂದಿ ನೋಡಿದ್ದು ಊರಿಗೆ ಯಾಕ ತಿಳೀಬೇಕ್ರಿ?"

"ಊರಿಗೆ ಬ್ಯಾಡ್ರಿ. ನಿಮಗ ತಿಳೀಬೇಕು. ನಿಮ್ಮನ್ನ ನಂಬಿ ಮಂದಿ ಕುಂದರತಾರ."

ಆಮ್ಯಾಲ ಸಾವಕಾರ್ರು ಬೈದದ್ದು ಬರಿಯೂವಂಥದ್ದಲ್ಲ. ದೊಡ್ಡ ಮಂದಿಗೆ ಫೋನು ಹಚ್ಚಿ ಸುಳ್ಳ ನೆವಾ ಹೇಳಿದ್ರು. ಕಡೀಕ, "ಶಿವರಾತ್ರಿ ತನಕ ನೋಡತೇನಿ. ಅಷ್ಟ್ರಾಗ ಖಾಲಿ ಗಾಡಿ ಥಂಡ್ಯಾಗ ಪಲ್ಟಿ ದಾಟಬೇಕು. ಇಲ್ಲಂದ್ರ ಅಡ್ಡೆದವನ ಲಾರಿ ಬರತೈತಿ" ಅಂದ್ರು. ಅಂದಂಗ ಅಡ್ಡೆದವನನ್ನ ಆ ವಾರಾನ ಕಳಿಸಿದ್ರು. ಅವ ಬಂದು ಕಂಬ ತಟ್ಟಿ ತಟ್ಟಿ ನೋಡಿದ, ಸಂತಿಯೊಳಗ ಎತ್ತಿನ ಹಲ್ಲು ನೋಡಿದಂಗ. ಮೌನೇಶ ಅವನ ಹಿಂದಿಂದ ಅಡ್ಡಾಡಿ, ಅವ ತಟ್ಟಿದ ಕಂಬಾನೆಲ್ಲಾ ಮತ್ತ ಕೈಲೇ ಸವರಿದ.

ಮೇಡಂ ಹಗಲು ಪೂರ್ತಿ ಕಂಪ್ಯೂಟರ್ ಮುಂದ ಕುಂತು ಲೆಕ್ಕಾ ಹಾಕಿ ಹೇಳಿದ್ರು: ಪಲ್ಟಿ ಇರೂ ದಿಬ್ಬದ ನೆತ್ತಿ ಒಂದಾಳು ಎತ್ತರ ಇಳಸಬೇಕು. ದಿಬ್ಬ ತಗ್ಗಿದ್ರ ಗಾಡಿ ಅಲ್ಲಿಗೆ ಇನ್ನೂ ಜೋರಿಲೆ ಬರತೈತಿ, ನಿಲ್ಲೂದಿಲ್ಲ. ಜೋರು ಹೆಚ್ಚಾದ್ದಕ್ಕ ಅಡ್ಡ ಪಟ್ಟಿ ಹೆಚ್ಚು ಬಿಗೀಬೇಕು. ಅಂದ್ರ ಉಕ್ಕಿನ ಹಳಿ ಇಳಿಸಿ, ಮೌನೇಶ ತಾನ ನಿಲ್ಲಿಸಿದ ಕಂಬಾನ ತಾನ ಕೊಯ್ಯಬೇಕು.

ಕೊಯ್ದ. ಒಂದು ದಿನ ಬಿಡಲಿಲ್ಲ, ಒಂದು ಕಂಬ ಸೊಟ್ಟ ಕೊಯ್ಯಲಿಲ್ಲ. ಆದ್ರ ಮೇಡಮ್ಮಾರ ಜೋಡಿ ಮಾತು ಬಿಟ್ಟ. ಅವರು ಮಾರು ದೂರ ನಿಂತಿರತಿದ್ರು, ಇವ ನನಗ, "ಲೇ ಶೇಖ್ಯಾ, ನಿಮ್ಮ ಮೇಡಮ್ಮಾರಿಗೆ ಕೇಳು, ಅಳತಿ ಯಾವ ಮಗ್ಗಲಿಂದ ಅಂತ" ಅನ್ನೂವ. ಅವರೂ ನನ್ನ ಮಾರಿ ನೋಡಿ ಹೇಳೋರು, "ಶೇಖಪ್ಪಾರ, ಬಡಗಣ ಮಗ್ಗಲಿಂದ ಅಂತ ಹೇಳ್ರಿ". ನಾ ಇಬ್ಬರಿಗೂ ಹೇಳಿ ಹೇಳಿ ಸಾಕಾಗಿ, "ನನಗ ಮೈಕು ಕೊಡಿಸ್ರಿ" ಅಂದೆ. ಇಬ್ಬರೂ ನಗಲಿಲ್ಲ.

ಸೋಮವಾರದ ಚಹಾಕ್ಕ ಮೌನೇಶ ಬರತಿದ್ದ. ಅವನ ಪಾಳಿ ಬಂದಾಗ ನನ್ನ ಕಡೆ ತಿರಗಿ, "ಲಾರಿ ಬರೂದರದು ಅಂಜಿಕಿ ಐತಿ" ಅಷ್ಟ ಅನ್ನೂವ. ಎಲ್ಲಾ ವಾರ ಅದ ಮಾತು. ಮೇಡಂ ತಲಿ ಬಗ್ಗಿಸಿ, "ನನಗೂ ಅದರದ ಐತ್ರಿ" ಅನ್ನೋರು.

ನಮಗ ಇನ್ನೊಂದು ಪಜೀತಿ ಇತ್ತು. ಥಂಡ್ಯಾಗ ಓಡಿಸಿ ತೋರಸಬೇಕು, ಥಂಡಿ ಹೋಗಾಕ ಹತ್ತಿತ್ತು. ಕೆಲಸ ಮುಗಿಯೂ ಹೊತ್ತಿಗೆ ಮುಂಜಾನೇನ ಬೆವರು ಬರಾಕ ಸುರು ಆತು. ಮಂದಿ ಬಿಸಿಲು ಬಂತು ಅಂತ ಗೊಣಗತಾರ, ನಾವು ಆಕಾಶ ನೋಡಿಕೋತ, ಎಪ್ಪಾ ಶಿವನ, ಇನ್ನೊಂದೀಟು ಥಂಡಿ ಕೊಡಪಾ ಅಂತ ಬೇಡಿಕೊಂಡ್ವಿ. ಲಕ್ಷ್ಮವ್ವ ಶಿವಯೋಗ ಮಂದಿರಕ್ಕ ಹೋಗಿ ಹರಕಿ ಹೊತ್ತು ಬಂದ್ಲು. ಥಂಡಿಗೆ ಹರಕಿ ಹೊತ್ತಾಕಿ ನಮ್ಮ ಜಿಲ್ಲಾದಾಗ ಅಕಿ ಒಬ್ಬಾಕೀನ ಇರಬೇಕು. ಮೇಡಂ ಹಳಿಗೆ ಶಾಖ ಅಳಿಯೂ ಯಂತ್ರ ಹಚ್ಚಿಸಿದ್ರು, ಗಾಲಿ ತಿರಗೂ ಜೋರು ಅಳಿಯೂ ಯಂತ್ರ ಹಚ್ಚಿಸಿದ್ರು. ನೀವು ಈಗ ಫೋನಿನ್ಯಾಗ ನೋಡೂ ಹಿಂತಾ ಅಳತಿ ಎಲ್ಲಾ ಅವಾಗ ಬಂದದ್ದು. ನಾ ನನ್ನ ಸುತ್ತಿಗಿನ ಚಲೋ ಅಂತ ವಾದ ಮಾಡತಿದ್ದೆ. ಖರೆ ಹೇಳಬೇಕಂದ್ರ, ಥಂಡಿ ಠಣ್ ಅನ್ನೂದಿಲ್ಲ, ಥಪ್ ಅನ್ನೂದಿಲ್ಲ, ಆ ಯಂತ್ರ ಬೇಕ.

ಶಿವರಾತ್ರಿ ಹತ್ರ ಬಂದಿತ್ತು. ಒಂದಿನ ಸಂಜಿಕ ಗಾಳಿ ತಿರಗ್ತು. ಮರದಿನ ಮುಂಜಾನೆ ಬಾಯಿ ಬಿಟ್ರ ಹೊಗಿ ಬರೂವಂಥಾ ಥಂಡಿ. ಮೇಡಂ ಫೋನು ಮಾಡಿ, "ಶೇಖಪ್ಪಾರ, ಹೊರಗ ಬಂದ ನೋಡ್ರಿ" ಅಂದ್ರು. ಅವರ ದನಿಯೊಳಗ ಸಣ್ಣ ಹುಡುಗಿ ಇದ್ದಂಗಿತ್ತು. ಸಾವಕಾರ್ರು ಕಂಬಳಿ ಹೊದ್ದುಕೊಂಡು ಬಂದ್ರು. ಅಡ್ಡೆದವನನ್ನೂ ಕರಕೊಂಡ ಬಂದಿದ್ರು. ಮೌನೇಶ ಪಲ್ಟಿ ಕೆಳಗ ಹೋಗಿ, ಕೊಯ್ದ ಕಂಬಕ್ಕ ಬೆನ್ನು ಕೊಟ್ಟು ನಿಂತ.

"ಗಾಲಿ ಬೆಚ್ಚಗ ಮಾಡೂದು ಬ್ಯಾಡ. ಹಂಗ ಬಿಡ್ರಿ, ಖಾಲಿ" ಅಂದ್ರು ಮೇಡಂ. ಎಷ್ಟು ಕೆಟ್ಟ ಹೊತ್ತು ಇರತೈತೋ ಅಷ್ಟು ಕೆಟ್ಟ ಹೊತ್ತಿನಾಗ ನೋಡಬೇಕಂತ ಅವರ ಹಟ. ನಾ ಬಟನ್ ಒತ್ತಿದೆ. ಗಾಡಿ ನೆತ್ತಿಗೆ ಹೋತು, ಇಳೀತು, ದಿಬ್ಬಕ್ಕ ಬಂತು. ಎದರಗಾಳಿ ಕಿವಿಯೊಳಗ ಸುಂಯ್ ಅಂತಿತ್ತು. ಮಗ್ಗಲಾತು, ತಲಿಕೆಳಗಾತು, ತಲಿಕೆಳಗಾಗಿ ಹೋಗಿಕೋತ ಆ ಕಡೆ ಮಗ್ಗಲಾತು, ನೆಟ್ಟಗಾಗಿ ಕೊಂಡಿ ದಾಟಿ ಕಟ್ಟಿಗಿ ಹಳಿ ಮ್ಯಾಲ ಗಡಗಡ ಅನಕೋತ ಬಂತು. ನನ್ನ ಕಣ್ಣಾಗ ನೀರು ಬಂದಿದ್ವು, ಥಂಡಿಗೆ ಅಂತ ಅಂದೆ.

ಸಾವಕಾರ್ರು, "ಇನ್ನೊಮ್ಮೆ" ಅಂದ್ರು. ಮತ್ತ ಬಿಟ್ಟೆ, ಮತ್ತ ದಾಟಿತು. ಅವರು ಮೇಡಮ್ಮಾರ ಕಡೆ ತಿರಗಿದ್ರು. "ಮಂದಿ ಕುಂದ್ರಸಬಹುದೇನ್ರಿ?"

"ಕುಂದ್ರಸಬಹುದ್ರಿ."

ಸಾವಕಾರ್ರು ಕಂಬಳಿ ತಗದು, ರುಮಾಲು ತಗದು ನನ್ನ ಕೈಯಾಗ ಇಟ್ಟು, ಮುಂದಿನ ಸೀಟಿಗೆ ಹೋಗಿ ಕುಂತ ಬಿಟ್ರು. ಪಾರ್ಕು ಕಟ್ಟಿದಾಗಿಂದ ಅವರು ಯಾವ ರೈಡೂ ಹತ್ತಿದವರಲ್ಲ. ಅಡ್ಡೆದವ, "ಸಾವಕಾರ್ರ, ವಯಸ್ಸಾಗೈತಿ, ಯಾಕ್ರಿ ಇದು?" ಅಂದ.

"ಕೆಟ್ಟೈತಿ ಅಂತ ಮನಿ ತನಕ ಬಂದು ಹೇಳಿದವರು, ಈಗ ಚಲೋ ಐತಿ ಅಂತಾರ" ಅಂದ್ರು ಸಾವಕಾರ್ರು. "ನಂಬದ ಹೆಂಗಿರೂದು?"

ಮೌನೇಶ ಓಡಿಕೋತ ಬಂದು ಅವರ ಹೊಟ್ಟಿ ಮ್ಯಾಲ ಸಳಿ ಇಳಿಸಿ, ಜಗ್ಗಿ ನೋಡಿದ. ಆಮ್ಯಾಲ ತಾನೂ ಬಾಜೂಕ ಕುಂತ, ತನ್ನ ಸಳಿ ಇಳಿಸಿಕೊಂಡ. ನಾ ಬಟನ್ ಒತ್ತಿದೆ. ಪಲ್ಟಿಯೊಳಗ ಸಾವಕಾರ್ರು ಚೀರಿದ್ದು ಹುನಗುಂದಕ್ಕ ಕೇಳಿರಬೇಕು.

ಗಾಡಿ ಬಂದು ನಿಂತಿತು. ಸಾವಕಾರ್ರು ಕಣ್ಣು ಒರಸಿಕೊಂಡು, ಇಳದು, ಅಡ್ಡೆದವನ ಹೆಗಲ ಮ್ಯಾಲ ಕೈ ಇಟ್ಟು, "ಚಹಾ ಕುಡದ ಹೋಗ್ರಿ. ಕಟ್ಟಿಗಿ ಮಾರೂದಿಲ್ಲ" ಅಂದ್ರು.

ಮೌನೇಶ ಇಳೀಲಿಲ್ಲ. ಸಾವಕಾರ್ರು ಎದ್ದ ಬಾಜೂಕಿನ ಸೀಟು ಟವೆಲಿಂದ ಒರಸಿ, ತಲಿ ಎತ್ತಿ, "ಮೇಡಂ, ಬರ್ರಿ, ಕುಂದರ್ರಿ" ಅಂದ. ಸಂಕ್ರಮಣದ ಮುಂಜಾನಿಯಿಂದ ಅವ ಅವರ ಜೋಡಿ ಆಡಿದ ಮೊದಲನೇ ಮಾತು ಅದು.